ಹನ್ನೆರಡು ದಿನ ಮೊದಲೇ ಬಂದ ಕಾಯಿಲೆ

ನೋರ್ಮಾ ಹೆಡ್ಲಿ ಹದಿನಾಲ್ಕು ವರ್ಷ ಗಂಡನ ಕೆಲಸದ ಬಟ್ಟೆ ಒಗೆದವಳು. ಇಂಗ್ಲೆಂಡಿನ ಟೈನ್ ನದಿಯ ದಡದ ಹಡಗು ಕಾರ್ಖಾನೆಯಲ್ಲಿ ಬಾಯ್ಲರುಗಳಿಗೆ ಆಸ್ಬೆಸ್ಟಾಸ್ ಹೊದಿಸುತ್ತಿದ್ದ ಅಲೆಕ್, ಸಂಜೆ ಮನೆಗೆ ಬಂದರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದವನಂತೆ ಕಾಣುತ್ತಿದ್ದ. ಅವಳು ಹಿತ್ತಲಲ್ಲಿ ನಿಂತು ಅವನ ಅಂಗಿಯನ್ನು ಗೋಡೆಗೆ ಬಡಿದು, ದೂಳು ಕೊಡವಿ, ಆಮೇಲೆ ನೀರಿಗೆ ಹಾಕುತ್ತಿದ್ದಳು. ಅಲೆಕ್ ಸತ್ತದ್ದು ಹೃದಯಾಘಾತದಿಂದ. ದೂಳು ಹಿಡಿದದ್ದು ಅವಳನ್ನು, ಶ್ವಾಸಕೋಶದ ಪೊರೆಯ ಕ್ಯಾನ್ಸರಾಗಿ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಸೆಪ್ಟೆಂಬರ್ ಹತ್ತೊಂಬತ್ತರಂದು, ವೈದ್ಯೆ ಅವಳ ಕೈ ಹಿಡಿದುಕೊಂಡು, ಇನ್ನೊಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಎಂದಳು.

ಯಾರ ಮೇಲೆ ದಾವೆ ಹೂಡುವುದು? ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗಿತ್ತು. ಅದಕ್ಕೆ ವಿಮೆ ಮಾಡಿದ್ದವರು ಯಾರೆಂಬ ಕಾಗದವೇ ಸಿಗಲಿಲ್ಲ. ವಕೀಲ ಕೈಚೆಲ್ಲಿದ ಮೇಲೆ ಅವಳು ಡರ್ಮಟ್ ಕ್ವಿಗ್ಲಿಯ ಆಸ್ಬೆಸ್ಟಾಸ್ ಪೀಡಿತರ ಸಂಘಕ್ಕೆ ಹೋದಳು. ಡರ್ಮಟ್ ಅಲೆಕ್‌ನ ಜೊತೆ ದುಡಿದವನು. ಅವನದೂ ಅರ್ಧ ಶ್ವಾಸಕೋಶ ಹೋಗಿತ್ತು. ಕಾರ್ಮಿಕರ ಕ್ಲಬ್ಬಿನ ಮಹಡಿಯಲ್ಲಿ ತಿಂಗಳಿಗೊಮ್ಮೆ ಸಭೆ. ಪ್ರತಿ ಸಭೆಯಲ್ಲೂ ಒಂದೋ ಎರಡೋ ಕುರ್ಚಿ ಖಾಲಿಯಾಗುತ್ತಿತ್ತು. ಕಾಗದವಿಲ್ಲದವರಿಗೆ ವಿಮಾ ಕಂಪನಿಗಳೆಲ್ಲ ಸೇರಿ ಪರಿಹಾರ ಕೊಡಲಿ, ಅದಕ್ಕೊಂದು ಕಾನೂನು ಬರಲಿ ಎಂಬುದು ಅವರ ಬೇಡಿಕೆ.

ನವೆಂಬರಿನಲ್ಲಿ ಸಂಘ ಲಂಡನ್ನಿಗೆ ಹೊರಟಿತು. ಹಿಂದಿನ ದಿನ ಡರ್ಮಟ್ ಫೋನ್ ಮಾಡಿದ.

"ಆಕ್ಸಿಜನ್ ಸಿಲಿಂಡರ್ ತಗೊಂಡು ಬಾ ನೋರ್ಮಾ."

"ನಂಗಿನ್ನೂ ಅದು ಬೇಕಾಗಿಲ್ಲ ಕಣೋ."

"ನಿಂಗೆ ಬೇಡ, ಪೇಪರ್‌ನೋರಿಗೆ ಬೇಕು. ನೀನು ತುಟಿಗೆ ಬಣ್ಣ ಬಳ್ಕೊಂಡು ನಗ್ತಾ ನಿಂತ್ರೆ ಯಾರಮ್ಮ ನಂಬ್ತಾರೆ?"

ಸಾಯುವುದಕ್ಕೂ ನಾಟಕ ಆಡಬೇಕೇ ಎಂದು ಅವಳಿಗೆ ಉರಿದುಹೋಯಿತು. ಆದರೂ ತೆಗೆದುಕೊಂಡು ಹೋದಳು. ಪಾರ್ಲಿಮೆಂಟಿನ ಹೊರಗೆ, ಕೊಳವೆ ಮೂಗಿಗೆ ಸಿಕ್ಕಿಸಿಕೊಂಡು ಗಾಲಿಕುರ್ಚಿಯಲ್ಲಿ ಕೂತು ಫೋಟೋ ಹೊಡೆಸಿಕೊಂಡಳು. ಮಗಳು ಗೇಲ್ ಮುಖ ತಿರುಗಿಸಿಕೊಂಡಿದ್ದಳು.

ಒಳಗಿನ ಕಲ್ಲಿನ ಹಜಾರದಲ್ಲಿ ಚೀಟಿ ಬರೆದುಕೊಟ್ಟು ತಮ್ಮ ಕ್ಷೇತ್ರದ ಸಂಸದೆಗಾಗಿ ಎರಡು ಗಂಟೆ ಕಾದರು. ನೀಟಾಗಿ ಸೂಟು ತೊಟ್ಟ ಇಬ್ಬರು ಬಂದರು. ಬಾಗಿಲಲ್ಲಿದ್ದವನೊಬ್ಬ ಅವರ ಹೆಸರು ಹಿಡಿದು ನಮಸ್ಕಾರ ಹೇಳಿ ಒಳಗೆ ಬಿಟ್ಟ.

"ಯಾರೋ ಅವರು?" ನೋರ್ಮಾ ಕೇಳಿದಳು.

"ವಿಮಾ ಕಂಪನಿಗಳ ಸಂಘದೋರು," ಎಂದ ಡರ್ಮಟ್. "ನಮ್ಮದೂ ಸಂಘಾನೇ, ಅವರದೂ ಸಂಘಾನೇ. ನಾವು ಬೀದೀಲಿ ನಿಂತು ಕೂಗ್ಬೇಕು. ಅವ್ರು ಮಂತ್ರಿ ಪಕ್ಕ ಕೂತು ಮೆಲ್ಲಗೆ ಹೇಳಿದ್ರೆ ಸಾಕು."

ಸಂಸದೆ ಹೇಜಲ್ ತರ್ಲ್‌ವೆಲ್ ಬಂದರು. ಒಳ್ಳೆಯ ಹೆಂಗಸು, ಮಂಡಿಯೂರಿ ಕೂತು ಕೇಳಿದರು. ನೋರ್ಮಾ ಬಟ್ಟೆ ಒಗೆದ ಕಥೆ ಶುರುಮಾಡಿ ಅರ್ಧಕ್ಕೂ ಬಂದಿರಲಿಲ್ಲ, ಮತದಾನದ ಗಂಟೆ ಹೊಡೆಯಿತು. ಸಂಸದೆ ಕ್ಷಮೆ ಕೇಳಿ ಓಡಿದರು. ಹಿಂತಿರುಗಲಿಲ್ಲ.

ಆದರೂ ಆ ಫೋಟೋ ಎಲ್ಲ ಪತ್ರಿಕೆಗಳಲ್ಲಿ ಬಂತು. ಫೆಬ್ರವರಿಯಲ್ಲಿ ಸರ್ಕಾರ ಮಸೂದೆ ತರಲು ಒಪ್ಪಿತು. ಕ್ಲಬ್ಬಿನಲ್ಲಿ ಜನ ಅತ್ತರು, ಬಿಯರ್ ಕುಡಿದರು. ಆ ರಾತ್ರಿ ನೋರ್ಮಾ ಎಷ್ಟೋ ತಿಂಗಳ ಮೇಲೆ ಮಾತ್ರೆಯಿಲ್ಲದೆ ಮಲಗಿದಳು.

ಮೂರು ವಾರದ ನಂತರ ಡರ್ಮಟ್ ಮನೆಗೆ ಬಂದ. ಕೋಟು ಬಿಚ್ಚಲಿಲ್ಲ, ಚಹಾ ಬೇಡವೆಂದ.

"ಮಸೂದೇಲಿ ಒಂದು ತಾರೀಕು ಹಾಕಿದಾರೆ. ಹೋದ ಅಕ್ಟೋಬರ್ ಒಂದು. ಅಲ್ಲಿಂದೀಚೆಗೆ ಕಾಯಿಲೆ ಗೊತ್ತಾದೋರಿಗೆ ಮಾತ್ರ."

ನೋರ್ಮಾ ಲೆಕ್ಕ ಹಾಕಬೇಕಾಗಿರಲಿಲ್ಲ. "ಹನ್ನೆರಡು ದಿನ," ಎಂದಳು.

"ಹಳೇದನ್ನೆಲ್ಲ ಸೇರಿಸಿದ್ರೆ ನಾವು ಬರಲ್ಲ ಅಂತ ಕಂಪನಿಯೋರು ಪಟ್ಟು ಹಿಡಿದ್ರಂತೆ."

"ನೀವೇನಂದ್ರಿ?"

ಅವನು ಕಾರ್ಪೆಟ್ ನೋಡಿದ. "ಸಂಘದ ಸಮಿತೀಲಿ ಮತಕ್ಕೆ ಹಾಕಿದ್ವಿ. ಹತ್ತೊಂಬತ್ತು ಜನ ಒಪ್ಪಿದ್ರು, ನಾಲ್ಕು ಜನ ಬೇಡ ಅಂದ್ರು. ಬೇಡ ಅಂದಿದ್ರೆ ಮಸೂದೇನೇ ಬೀಳೋದು ಕಣಮ್ಮಾ. ಮುಂದೆ ಬರೋರ ಗತಿ?"

"ನನ್ನ ಮುಖ ತೋರ್ಸಿ ತಂದ ಕಾನೂನದು. ನಂಗೇ ಬಾಗಿಲು ಹಾಕಿದ್ರಾ?"

"ಪೇಪರ್‌ನೋರು ಫೋನ್ ಮಾಡ್ತಾರೆ. ಮಸೂದೆ ಪಾಸಾಗೋವರೆಗೂ ಏನೂ ಮಾತಾಡ್ಬೇಡ. ಕೈ ಮುಗೀತೀನಿ."

ಗೇಲ್ ಅಡುಗೆಮನೆಯಿಂದ ಬಂದು, "ಎದ್ದು ನಡೀರಿ ಅಂಕಲ್," ಎಂದಳು. ಅವನು ಹೋದ. ಮೆಟ್ಟಿಲಿಳಿಯುವಾಗ ಅವನಿಗೂ ಉಬ್ಬಸ ಬಂದದ್ದು ಒಳಗೆ ಕೇಳಿಸಿತು.

ಪತ್ರಿಕೆಯವರು ಫೋನ್ ಮಾಡಿದರು. ನೋರ್ಮಾ ಬಾಯಿ ತುಂಬ ಬೈಯಬೇಕೆಂದುಕೊಂಡಳು. ಸಂಘಕ್ಕೆ ಹೊಸದಾಗಿ ಬಂದಿದ್ದ, ಇನ್ನೂ ಐವತ್ತು ದಾಟದ ಶಾಲಾ ಶಿಕ್ಷಕಿಯ ನೆನಪಾಯಿತು. ಅವಳಿಗೆ ಕಾಯಿಲೆ ಗೊತ್ತಾದದ್ದು ಡಿಸೆಂಬರಿನಲ್ಲಿ. ನೋರ್ಮಾ ಫೋನ್ ಇಟ್ಟುಬಿಟ್ಟಳು. ಆಮೇಲೆ ದಿಂಬಿಗೆ ಮುಖ ಒತ್ತಿ, ಗೇಲ್‌ಗೆ ಕೇಳಿಸದಂತೆ, ಕಿರುಚಿದಳು. ಕಿರುಚಲೂ ಉಸಿರು ಸಾಲಲಿಲ್ಲ.

ಕಾನೂನು ಪಾಸಾದ ಮರುವಾರದಿಂದ ಅವಳು ಶನಿವಾರ ಶನಿವಾರ, ಸಂಸದೆ ಜನರನ್ನು ಕಾಣುವ ಗ್ರಂಥಾಲಯಕ್ಕೆ ಹೋಗತೊಡಗಿದಳು. ಈಗ ಸಿಲಿಂಡರ್ ನಿಜವಾಗಿಯೂ ಬೇಕಾಗಿತ್ತು.

"ತಾರೀಕು ಹಿಂದಕ್ಕೆ ಹಾಕ್ಸಿ ಮೇಡಂ."

"ಮೂರು ಸಲ ಕೇಳಿದೆ ಮಿಸೆಸ್ ಹೆಡ್ಲಿ. ಕಂಪನಿಗಳು ಒಪ್ತಿಲ್ಲ ಅಂತಾರೆ ಮಂತ್ರಿ."

"ಕಂಪನಿಗಳಿಗೆ ಯಾವೂರಲ್ಲಿ ಓಟು ಹಾಕಿದ್ರು?"

ಸಂಸದೆ ಬರೆದುಕೊಂಡರು. ಅವರು ಪ್ರತಿ ಸಲವೂ ಬರೆದುಕೊಳ್ಳುತ್ತಿದ್ದರು.

ಒಂಬತ್ತು ಶನಿವಾರ ಹೋದಳು. ಹತ್ತನೆಯ ಶನಿವಾರ ಮಂಚದಿಂದ ಏಳಲಾಗಲಿಲ್ಲ. ಆಗಸ್ಟ್ ಕೊನೆಯಲ್ಲಿ, ಹೊರಗೆ ಬಿಸಿಲಿರುವಾಗ, ತೀರಿಕೊಂಡಳು. ಆ ಶಿಕ್ಷಕಿಗೆ ಪರಿಹಾರ ಬಂತು. ತಾರೀಕು ಬದಲಾಗಲಿಲ್ಲ. ಅಂತ್ಯಕ್ರಿಯೆಗೆ ಡರ್ಮಟ್ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ಗೇಲ್ ಅವನನ್ನು ಮಾತಾಡಿಸಲಿಲ್ಲ, ಹೊರಗೆ ಹೋಗೆಂದೂ ಹೇಳಲಿಲ್ಲ.