ಹೆರಿಗೆ ಕ್ಲಾಸಿನಲ್ಲಿ ರಾಹುಕಾಲ

ನನಗೆ ಸರಿಯಾಗಿ ಉಸಿರಾಡಲು ಬರುವುದಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಚೆಂಬೂರಿನ ಒಂದು ಹೆರಿಗೆ ಆಸ್ಪತ್ರೆಯ ಹಾಲ್‌ನಲ್ಲಿ, ಚಾಪೆಯ ಮೇಲೆ ಮಲಗಿದ್ದಾಗ. ಅಲ್ಲಿಯವರೆಗೆ ಯಾರ ಟ್ಯೂಷನ್ನೂ ಇಲ್ಲದೆ ಆ ಕೆಲಸವನ್ನು ಸುಮಾರಾಗಿ ನಿಭಾಯಿಸಿಕೊಂಡು ಬಂದಿದ್ದೇನೆ ಎಂದುಕೊಂಡಿದ್ದೆ. “ನೋ, ನೋ, ಶಾಲಿನಿ! ಯು ಆರ್ ಬ್ರೀದಿಂಗ್ ಲೈಕ್ ಎ ಥೀಫ್!” ಎಂದರು ಕ್ಲಾಸು ನಡೆಸುತ್ತಿದ್ದ ಸಿಸ್ಟರ್ ಆಗ್ನೆಸ್. ಕಳ್ಳಿಯ ಹಾಗೆ ಉಸಿರಾಡುವುದು! ಮಂಗಳೂರಿನ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಕಲಿತವಳಿಗೆ ಬಿಳಿ ಉಡುಪಿನವರು ಯಾರು ಏನು ಗದರಿದರೂ ತಪ್ಪು ತನ್ನದೇ ಎನಿಸುತ್ತದೆ. “ಸಾರಿ, ಸಿಸ್ಟರ್” ಎಂದು ಮಲಗಿದಲ್ಲಿಂದಲೇ ಹೇಳಿದೆ.

ಅದು ಎಪ್ಪತ್ತರ ದಶಕದ ಆರಂಭ. ಹೆಂಡತಿ ಒಳಗೆ ಹೋದ ಮೇಲೆ ಗಂಡಸು ಗೇಟಿನಾಚೆ ಸಿಗರೇಟು ಸೇದುತ್ತ ನಿಲ್ಲುವುದೇ ಮರ್ಯಾದೆ ಎನಿಸಿಕೊಂಡಿದ್ದ ಕಾಲ. ವಿದೇಶದಲ್ಲಿ ತರಬೇತಿ ಪಡೆದು ಬಂದಿದ್ದ ಸಿಸ್ಟರ್ ಮಾತ್ರ ಗಂಡಂದಿರೂ ಬರಲೇಬೇಕೆಂದು ಹಟ ಹಿಡಿದಿದ್ದರು. ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಆರು ಗಂಡಂದಿರು ಟೈ ಸಡಿಲಿಸಿಕೊಂಡು ಬಂದು, ಒಂದೊಂದು ರಬ್ಬರ್ ಗೊಂಬೆಯನ್ನು ಟವೆಲಿನಲ್ಲಿ ಸುತ್ತಲು ಕಲಿಯುತ್ತಿದ್ದರು. ನಮ್ಮವರು ಫೋರ್ಟಿನ ಒಂದು ಬ್ಯಾಂಕಿನಲ್ಲಿ ಹೆಡ್ ಕ್ಲರ್ಕ್. ಗೊಂಬೆಯನ್ನು ಅವರು ಮ್ಯಾನೇಜರರ ಸಹಿಗೆ ಒಯ್ಯುವ ಫೈಲಿನಂತೆ ಎರಡೂ ಕೈಗಳಲ್ಲಿ ಮುಂದೆ ಹಿಡಿದುಕೊಳ್ಳುತ್ತಿದ್ದರು.

ಮುಲುಂಡಿನ ನಮ್ಮ ಮನೆಯಲ್ಲಿ ಅತ್ತೆಗೆ ಇದೆಲ್ಲ ದೊಡ್ಡ ತಮಾಷೆ.

“ಅಲ್ಲ ಮಗಾ, ಹೆರುವುದು ಅವಳು. ನೀನು ಎಂತ ಕಲಿಯಲಿಕ್ಕೆ ಹೋಗುವುದು?”

“ಟೈಮ್ ನೋಡಲಿಕ್ಕೆ ಅಮ್ಮ. ಎಷ್ಟು ನಿಮಿಷಕ್ಕೊಮ್ಮೆ ನೋವು ಬರ್ತದೆ ಅಂತ ಬರೆದುಕೊಳ್ಳಬೇಕು. ಹತ್ತು ನಿಮಿಷಕ್ಕೊಂದು ಬಂದ ಕೂಡಲೇ ಹೊರಡಬೇಕಂತೆ.”

“ಅದಕ್ಕೆ ಕ್ಲಾಸು ಬೇಕಾ? ಗೋಡೆಯಲ್ಲಿ ಗಡಿಯಾರ ಉಂಟಲ್ಲ!”

ಅವರು ನಕ್ಕರು, ಇವರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಯಾಕೆಂದರೆ ಗೋಡೆಯ ಗಡಿಯಾರದ ವಿಷಯ ನನಗೆ ಗೊತ್ತಿತ್ತು.

ಎರಡು ವರ್ಷ ಹಿಂದೆ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದೆ. ಬಾಣಂತನಕ್ಕೆ ನೆರವಾಗಲು ಅತ್ತೆಯೂ ಬಂದಿದ್ದರು. ಒಂದು ಗುರುವಾರ ಮಧ್ಯಾಹ್ನ ನೋವು ಜೋರಾಯಿತು. ಬಾಡಿಗೆ ಕಾರು ಅಂಗಳಕ್ಕೆ ಬಂದು ನಿಂತಿತು. ಆಗ ಅತ್ತೆ ಪಂಚಾಂಗ ನೋಡಿ, “ಮೂರು ಗಂಟೆ ಕಳೆಯಲಿ, ಈಗ ರಾಹುಕಾಲ” ಎಂದರು. ನನ್ನ ತವರಿನವರೂ ಬೇಡವೆನ್ನಲಿಲ್ಲ. ಷೇಕ್ಸ್‌ಪಿಯರನ ಇಂಗ್ಲಿಷನ್ನು ಪಟಪಟ ಹೇಳಬಲ್ಲ ನಾನೂ ತುಟಿ ಬಿಚ್ಚಲಿಲ್ಲ. ಒಂದೂವರೆ ಗಂಟೆ ಗಡಿಯಾರ ನೋಡುತ್ತ ಮಲಗಿದೆ. ಆಸ್ಪತ್ರೆ ತಲುಪಿದಾಗ ಸಂಜೆಯಾಗಿತ್ತು. ಹುಟ್ಟಿದ ಮಗು ಅಳಲಿಲ್ಲ. ಬೇಗ ಬಂದಿದ್ದರೂ ಹೀಗೆಯೇ ಆಗುತ್ತಿತ್ತೋ ಏನೋ, ಹೇಳಲಾಗದು ಎಂದರು ಡಾಕ್ಟರು. ಆ ‘ಏನೋ’ ನಮ್ಮ ಮನೆಯಲ್ಲಿ ನಾಲ್ಕನೆಯವರಾಗಿ ವಾಸಕ್ಕೆ ಕುಳಿತಿತು. ಅದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಫ್ರ್ಯಾಂಕ್ ಆಗಿ ಹೇಳಬೇಕೆಂದರೆ ರಾಹುವಿನ ಬಗ್ಗೆ ನನಗೆ ಕೋಪಕ್ಕಿಂತ ಅಚ್ಚರಿಯೇ ಹೆಚ್ಚು. ಪುರಾಣದ ಪ್ರಕಾರ ಅವನು ಬರೀ ತಲೆ. ಸೂರ್ಯನನ್ನು ನುಂಗಿದರೂ ಇಟ್ಟುಕೊಳ್ಳಲು ಹೊಟ್ಟೆಯಿಲ್ಲ, ಕುತ್ತಿಗೆಯಿಂದ ಸೂರ್ಯ ಹೊರಗೆ ಬಂದುಬಿಡುತ್ತಾನೆ. ಇಷ್ಟು ನಿರುಪಯೋಗಿ ರಾಕ್ಷಸನಿಗೆ ನಾವು ದಿನಕ್ಕೆ ಒಂದೂವರೆ ಗಂಟೆ ಬಿಟ್ಟುಕೊಟ್ಟಿದ್ದೇವೆ! ಕಾನ್ವೆಂಟಿನವರು ನನ್ನ ಬಲಭುಜದ ಮೇಲೆ ಒಬ್ಬ ಗಾರ್ಡಿಯನ್ ಏಂಜೆಲ್‌ನನ್ನು ಕೂರಿಸಿದ್ದರು. ಅವನೂ ರಾಹುವೂ ನನ್ನೊಳಗೆ ಒಂದೇ ಬೋಗಿಯ ಪ್ರಯಾಣಿಕರಂತೆ ಜಗಳವಿಲ್ಲದೆ ಇದ್ದರು. ನನಗೆ ಇಬ್ಬರ ಭಯವೂ ಇತ್ತು.

ನಾಲ್ಕನೆಯ ಕ್ಲಾಸಿನ ಕೊನೆಗೆ ಸಿಸ್ಟರ್ “ಎನಿ ಕ್ವೆಶ್ಚನ್ಸ್?” ಎಂದರು. ನಮ್ಮವರು ಎದ್ದು ನಿಂತರು.

“ಸಿಸ್ಟರ್, ಹತ್ತು ನಿಮಿಷದ ನೋವು ಶುರುವಾದಾಗ ರಾಹುಕಾಲ ಇದ್ದರೆ ಏನು ಮಾಡುವುದು?”

ನಾಚಿಕೆಯಿಂದ ನಾನು ಚಾಪೆಯ ಹೆಣಿಗೆ ಎಣಿಸತೊಡಗಿದೆ. ಆದರೆ ಯಾರೂ ನಗಲಿಲ್ಲ. ತಮಿಳು ದಂಪತಿಗಳು ಪೆನ್ಸಿಲ್ ಕೈಗೆತ್ತಿಕೊಂಡರು. ಗುಜರಾತಿ ಗಂಡ, “ಹಾಂ ಸಿಸ್ಟರ್, ಹಮಾರೇ ಮೇ ಭೀ ಚೌಘಡಿಯಾ ದೇಖತೇ ಹೈಂ” ಎಂದು ತನ್ನವರು ನೋಡುವ ಒಳ್ಳೆಯ-ಕೆಟ್ಟ ಘಳಿಗೆಗಳ ಹೆಸರೆತ್ತಿ ಮುಂದೆ ಸರಿದು ಕುಳಿತ. ಅಷ್ಟೂ ಜನ ನಾಲ್ಕು ವಾರದಿಂದ ಇದೇ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕುಳಿತಿದ್ದರು. ಸಿಸ್ಟರ್ ಒಮ್ಮೆ ಎಲ್ಲರ ಮುಖ ನೋಡಿ, “ಬೇಬಿ ಕೈಗೆ ವಾಚ್ ಕಟ್ಟಿಕೊಂಡು ಬರುವುದಿಲ್ಲ. ಕಮ್ ಅಟ್ ಒನ್ಸ್” ಎಂದರು.

ಉತ್ತರ ಸರಿಯಾಗಿಯೇ ಇತ್ತು. ಆದರೆ ಅದನ್ನು ಅತ್ತೆಯ ಮುಂದೆ ಹೇಳುವವರು ಯಾರು? ನಮ್ಮವರು ಮಧ್ಯಮ ಮಾರ್ಗ ಹುಡುಕಿದರು. ಉದ್ದನೆಯ ಹಾಳೆಯಲ್ಲಿ ಒಂದು ಚಾರ್ಟ್. ವಾರದ ಒಂದೊಂದು ದಿನದ ರಾಹುಕಾಲ, ಅದಕ್ಕೆ ಮುಂಚೆ ಮನೆ ಬಿಡಬೇಕಾದ ಹೊತ್ತು, ಟ್ಯಾಕ್ಸಿ ಸಿಗದಿದ್ದರೆ ಯಾವ ಲೋಕಲ್ ರೈಲು, ಕುರ್ಲಾದಲ್ಲಿ ಬದಲಾಯಿಸಲು ಎಷ್ಟು ನಿಮಿಷ. ನೋವಿನ ಸೂಚನೆ ಕಂಡರೆ ಹತ್ತು ನಿಮಿಷದ ಲೆಕ್ಕಕ್ಕೆ ಕಾಯದೆ, ರಾಹು ಬರುವ ಮೊದಲೇ ಹೊರಟುಬಿಡುವುದು! ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಪಾಟಿನ ಒಳಬಾಗಿಲಿಗೆ ಅಂಟಿಸಿದರು. ರಾತ್ರಿ ನಿದ್ದೆ ಬಾರದಾಗ ಆ ಚಾರ್ಟ್ ಇದೆಯಲ್ಲ ಎಂದುಕೊಂಡು ಕಣ್ಣು ಮುಚ್ಚುತ್ತಿದ್ದೆ.

ನೋವು ಬಂದದ್ದು ಭಾನುವಾರ. ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಹದಿನೈದು ನಿಮಿಷಕ್ಕೊಂದು, ನೋಡನೋಡುತ್ತಿದ್ದಂತೆ ಹತ್ತಕ್ಕೊಂದು. ಇವರು ಓಡಿಹೋಗಿ ಕಪಾಟು ತೆರೆದರು. ಹಾಳೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ಎರಡು ಸಲ ಹುಡುಕಿದರು.

“ಎಂತ ಆಯ್ತು?” ಎಂದೆ.

“ಭಾನುವಾರ ಬರೆದೇ ಇಲ್ಲ ಮಾರಾಯ್ತಿ!”

ಸೋಮವಾರದಿಂದ ಶನಿವಾರದವರೆಗೆ ಎಲ್ಲವೂ ಇತ್ತು. ಇಪ್ಪತ್ತರ ವಯಸ್ಸಿನಿಂದ ಆಫೀಸಿಗೆ ಹೋಗುವ ಲೋಕಲುಗಳನ್ನೇ ಬಾಯಿಪಾಠ ಮಾಡಿಕೊಂಡಿದ್ದ ಮನುಷ್ಯನಿಗೆ ವಾರವೆಂದರೆ ಆರು ದಿನ. ಚಪ್ಪಲಿಯನ್ನೂ ಹಾಕದೆ ಟ್ಯಾಕ್ಸಿಗೆ ಓಡಿದರು. ಹಿಂದಿರುಗಿ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಾಗ ಗಡಿಯಾರದಲ್ಲಿ ಸರಿಯಾಗಿ ನಾಲ್ಕೂವರೆ. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರು ಎಂದು ಚಾರ್ಟ್ ಇಲ್ಲದೆಯೂ ಮೂವರಿಗೂ ಗೊತ್ತಿತ್ತು.

ಇವರು ಅಮ್ಮನ ಮುಖ ನೋಡಿದರು. ನಾನು ಬಾಯಿ ತೆರೆದೆ, ಈ ಸಲ ಸುಮ್ಮನಿರುವುದಿಲ್ಲ ಎಂದು ಒಂಬತ್ತು ತಿಂಗಳು ನಿಶ್ಚಯಿಸಿಕೊಂಡಿದ್ದೆನಲ್ಲ. ಆದರೆ ಮಾತಿಗೆ ಮೊದಲು ನೋವು ಬಂತು, ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅತ್ತೆ ಗಡಿಯಾರವನ್ನೇ ನೋಡುತ್ತಿದ್ದರು.

“ಪಂಚಾಂಗ ನಮ್ಮ ಊರಿನದ್ದು,” ಎಂದರು. “ಬೊಂಬಾಯಿಯಲ್ಲಿ ಸೂರ್ಯ ಹುಟ್ಟುವುದೇ ತಡ. ಮತ್ತೆ ರಾಹು ಮಾತ್ರ ಹೇಗೆ ಮೊದಲೇ ಬರುವುದು? ಇನ್ನೂ ಹತ್ತು ನಿಮಿಷ ಉಂಟು. ಏಳಿ, ಏಳಿ!”

ಎರಡು ಮಹಡಿ ಇಳಿಯುವಾಗ ಮತ್ತೊಂದು ನೋವು. ಮೆಟ್ಟಿಲ ಮೇಲೆ ನಿಂತೆವು. ಆ ಹತ್ತು ನಿಮಿಷ ಅಲ್ಲಿಯೇ ಮುಗಿದಿರಬೇಕು. ಅಭ್ಯಾಸಬಲದಿಂದ ಇವರು ಕೈ ತಿರುಗಿಸಿ ನೋಡಿಕೊಂಡರು.

“ವಾಚು ಎಂತಕ್ಕೆ ನೋಡುವುದು?” ಅತ್ತೆ ಗದರಿದರು. “ಅವಳನ್ನು ನೋಡು!”

ಟ್ಯಾಕ್ಸಿಯಲ್ಲಿ ನಾನು ಕಲಿತದ್ದೆಲ್ಲ ಮರೆತು ಅಳುತ್ತಿದ್ದಾಗ, “ಮೂಗಿನಲ್ಲಿ ತೆಗೋ, ಬಾಯಲ್ಲಿ ಬಿಡು, ಮೆಲ್ಲ” ಎಂದು ಪಕ್ಕದಿಂದ ಕೇಳಿಸಿತು. ನಾವು ರಾತ್ರಿ ಪರದೆಯ ಹಿಂದೆ ಮಾಡುತ್ತಿದ್ದ ಉಸಿರಾಟದ ಹೋಂವರ್ಕನ್ನು ಅತ್ತೆ ಅಡುಗೆಮನೆಯಲ್ಲಿ ಕುಳಿತೇ ಕಲಿತುಬಿಟ್ಟಿದ್ದರು.

ಐದೂ ಮುಕ್ಕಾಲಿಗೆ ಮಗಳು ಹುಟ್ಟಿದಳು. ಅತ್ತಳು. ಸಿಸ್ಟರ್ ಆಗ್ನೆಸ್ ಕಿವಿಗೆ ಕೈ ಅಡ್ಡ ಹಿಡಿಯುವಷ್ಟು ಜೋರಾಗಿ ಅತ್ತಳು.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಮನೆಯಿಂದ ಊಟ ತಂದರು. ನನ್ನ ತಟ್ಟೆಗೆ ಅನ್ನ ಹಾಕಿ, ಮೇಲೆ ಕಾಳುಮೆಣಸಿನ ಸಾರು ಬಡಿಸಿ, ಸ್ಟೂಲಿನ ಮೇಲೆ ಕುಳಿತು ಮಗುವನ್ನು ತೊಡೆಗೆ ತೆಗೆದುಕೊಂಡರು. ಮಗುವಿನ ಪಾದ ಒತ್ತುತ್ತ, “ಅವತ್ತು ಕಾರು ಅಂಗಳದಲ್ಲೇ ನಿಂತಿತ್ತಲ್ಲ” ಎಂದರು.

“ಹೌದು” ಎಂದೆ.

ಕ್ಷಮೆ ಕೇಳುವವರು ಮೊಣಕಾಲೂರಬೇಕು, ಕೊಡುವವರು ಲ್ಯಾಟಿನ್‌ನಲ್ಲಿ ಏನಾದರೂ ಹೇಳಬೇಕು ಎಂದು ನಾನು ಕಾನ್ವೆಂಟಿನ ಚರ್ಚು ನೋಡಿ ಬಾಲ್ಯದಿಂದ ತಿಳಿದಿದ್ದೆ. ಅಂಥದ್ದೇನೂ ನಡೆಯಲಿಲ್ಲ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, “ಸಾರು ಇನ್ನೊಂದು ಸೌಟು ಹಾಕುವುದಾ?” ಎಂದರು. ಖಾರಕ್ಕೆ ನನ್ನ ನಾಲಿಗೆ ಉರಿಯುತ್ತಿತ್ತು. ಆದರೂ ತಟ್ಟೆ ಮುಂದೆ ಹಿಡಿದೆ.