ಅಮಾವಾಸ್ಯೆಯ ಭಟ್ಟಿ, ಹೊಗೆಯ ಸುಂಕ

ಸರಕಿಗೆ ಸುಂಕ ಗೊತ್ತಿತ್ತು. ಹೊಗೆಗೂ ಸುಂಕ ಉಂಟೆಂದು ತಿಳಿದದ್ದು ಗುತ್ತೂರಿನ ಹತ್ತಿರದ ನಮ್ಮ ಬೋಲ್ಟ್ ಕಾರ್ಖಾನೆಯಲ್ಲಿ. ನಿಜಲಿಂಗಪ್ಪ ಬಡಾವಣೆಯಿಂದ ದಿನಾ ಬಸ್ಸು ಹಿಡಿದು ಹೋಗಿ ಅಲ್ಲಿ ಆಫೀಸಿನ ಕಾಗದಪತ್ರ ನೋಡುತ್ತಿದ್ದೆ. ನಮ್ಮ ದಪ್ಪ ಬೋಲ್ಟುಗಳು ಯುರೋಪಿಗೆ ಹೋಗುತ್ತಿದ್ದವು. ಒಂದು ಟನ್ ಬೋಲ್ಟಿಗೆ ಎಷ್ಟು ಇಂಗಾಲ ಗಾಳಿಗೆ ಹೋಯಿತೆಂದು ಬರೆದು ಕೊಡಬೇಕು, ಹೆಚ್ಚಿದ್ದರೆ ಕೊಳ್ಳುವವನು ಗಡಿಯಲ್ಲಿ ಹೆಚ್ಚು ಕಟ್ಟಬೇಕು ಎಂದು ಅಲ್ಲಿಯವರು ಕಾನೂನು ತಂದರು. ಮೊದಲ ಪಂಕ್ತಿಯಲ್ಲಿ ಹೊಟ್ಟೆ ಬಿರಿಯ ಉಂಡೆದ್ದವರು ಎರಡನೇ ಪಂಕ್ತಿಯವರಿಗೆ ಮಿತಾಹಾರದ ಉಪದೇಶ ಮಾಡಿದಂತಿತ್ತು.

ಆ ಫಾರಂ ತುಂಬುವ ಕೆಲಸ ನನ್ನ ತಲೆಗೆ ಬಂತು. ಕಲ್ಲಿದ್ದಲಿನ ಲೆಕ್ಕ ಕೇಳಲು ಕಬ್ಬಿಣ ಕಾಯಿಸುವ ಭಟ್ಟಿ ನೋಡಿಕೊಳ್ಳುತ್ತಿದ್ದ ಹರಿಹರದ ಹಿರಿಯರ ಹತ್ತಿರ ಹೋದೆ. ಬುಟ್ಟಿ ಎಣಿಸಿ ಹೇಳಿದರು. "ಅಮಾಸಿದೂ ಬರ್ಕೊಳ್ರಿ ಮೇಡಂ, ಸುಳ್ಳು ಯಾಕ" ಅಂದರು. ನಮ್ಮಲ್ಲಿ ಅಮಾವಾಸ್ಯೆ ದಿನ ಕಬ್ಬಿಣ ಬಡಿಯುವುದಿಲ್ಲ, ಬೆಂಕಿ ಆರಿಸುವುದೂ ಇಲ್ಲ. ಪೂಜೆ ಮಾಡಿ, ಕಾಯಿ ಒಡೆದು, ಖಾಲಿ ಭಟ್ಟಿಯನ್ನೇ ಉರಿಸುವುದು ಮಾಲೀಕರ ತಂದೆಯ ಕಾಲದಿಂದ ಬಂದ ಪದ್ಧತಿ. ಅದನ್ನೂ ಬರೆದೆ.

ನಿಜವಾದ ಇಂಗಾಲ ಇದ್ದದ್ದು ನಮ್ಮ ಭಟ್ಟಿಯಲ್ಲಲ್ಲ, ಬೋಲ್ಟಿಗೆಂದು ನಾವು ತರಿಸುತ್ತಿದ್ದ ಉಕ್ಕಿನ ಸರಳಿನ ತಯಾರಿಕೆಯಲ್ಲಿ. ಅದಿರು ಕರಗಿಸಿ ಉಕ್ಕು ಮಾಡುವ ದೊಡ್ಡ ಕಾರ್ಖಾನೆಯವರು ಅದರ ಅಂಕಿ ಕೊಡಬೇಕಿತ್ತು. ಒಂದು ಪತ್ರ ಬರೆದೆ. ಉತ್ತರವಿಲ್ಲ. ದೊಡ್ಡವರನ್ನು ಎರಡನೇ ಸಲ ಕೇಳಬಾರದು, ಸಿಟ್ಟಾದರೆ ಸರಳು ತಡ ಮಾಡುತ್ತಾರೆ. ಇಲ್ಲಿನ ಸಣ್ಣ ಕಾರ್ಖಾನೆಯವರೆಲ್ಲ ಇದನ್ನು ಮಡಿಯಂತೆ ಪಾಲಿಸುತ್ತಾರೆ. ನಾನೂ ಪಾಲಿಸಿದೆ, ಆ ಕಾಲಂ ಖಾಲಿ ಬಿಟ್ಟು ಕಳಿಸಿದೆ. ಖಾಲಿ ಬಿಟ್ಟರೆ ಅಲ್ಲಿಯವರೇ ಜಾಸ್ತಿ ಅಂಕಿ ಹಾಕಿಕೊಳ್ಳುತ್ತಾರೆಂದು ಫಾರಂನ ಕೊನೆಯ ಪುಟದಲ್ಲಿತ್ತು. ಅದನ್ನು ಓದಿದ್ದೆ ಕೂಡ.

ಮೂರು ತಿಂಗಳಿಗೆ ಆರ್ಡರ್ ಬೇರೆ ದೇಶದವರ ಪಾಲಾಯಿತು. ನಿಮ್ಮ ಇಂಗಾಲ ವಿಪರೀತ ಎಂದು ಕೊಳ್ಳುವವರು ಎರಡೇ ಸಾಲು ಬರೆದಿದ್ದರು. ಮಾಲೀಕರು ಫಾರಂನ ಪ್ರತಿ ತರಿಸಿ, ಅಮಾವಾಸ್ಯೆಯ ಸಾಲಿನ ಮೇಲೆ ಬೆರಳಿಟ್ಟು, ಭಟ್ಟಿಯ ಹಿರಿಯರನ್ನು ಕರೆಸಿದರು.

"ಖಾಲಿ ಭಟ್ಟಿ ಯಾಕ ಉರಿಸಿದ್ರಿ?"

"ನಿಮ್ಮ ಅಪ್ಪಾರ ಕಾಲದಿಂದ ಉರಿಸ್ತೀನಲ್ರಿ."

"ನಾಳೆಯಿಂದ ಬರೋದು ಬ್ಯಾಡ."

ಹೋದ ಅಮಾವಾಸ್ಯೆ ಅದೇ ಭಟ್ಟಿಗೆ ಮಂಗಳಾರತಿ ಎತ್ತಿದ್ದು ಇದೇ ಮಾಲೀಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ಒಟ್ಟು ಲೆಕ್ಕದಲ್ಲಿ ಆ ಬೆಂಕಿ ಅನ್ನಕ್ಕೆ ಹಾಕುವ ಉಪ್ಪಿನಷ್ಟೂ ಇರಲಿಲ್ಲ. ಅದು ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಹೇಳಿದರೆ ಖಾಲಿ ಕಾಲಂನ ಮಾತು ಬರುತ್ತಿತ್ತು, ನನ್ನ ಕೆಲಸ ಹೋಗುತ್ತಿತ್ತು. ಯುರೋಪಿನವರನ್ನು ಬಯ್ಯಲು ಮಾತ್ರ ನನಗೆ ಬಾಯಿತ್ತು.

ಸಂಜೆ ಬಸ್ ಸ್ಟಾಪಿನಲ್ಲಿ ಭಟ್ಟಿಯ ಹಿರಿಯರು ಊಟದ ಡಬ್ಬಿ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಹತ್ತಿರ ಬಂದರು.

"ಮೇಡಂ, ನೀವು ಓದಿದೋರು. ನನ್ನ ಬೆಂಕಿಯಿಂದ್ಲೇ ಆರ್ಡರ್ ಹೋಗಿದ್ದೇನ್ರಿ?"

"ಹಂಗೇ ಕಾಣ್ತೈತ್ರಿ ಅಣ್ಣಾರೆ" ಅಂದೆ.

ಅವರು ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡರು. ಆಮೇಲೆ, "ಹಂಗಾರೆ ತಪ್ಪಾತ್ರಿ. ನಿಮಗೂ ತೊಂದ್ರೆ ಕೊಟ್ಟೆ" ಎಂದು ನನಗೆ ಕೈಮುಗಿದರು.