ಶುಕ್ರವಾರದ ಬೂದಿ

2003ರ ಫೆಬ್ರವರಿ, ಒಂದು ಶುಕ್ರವಾರ, ಬೆಳಗ್ಗೆ ಒಂಬತ್ತು ಗಂಟೆ. ಜಯಲಕ್ಷ್ಮಿಪುರಂನ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದಿನ ಬಾಯ್ಲರ್ ಮನೆಯಲ್ಲಿ ಮೂವರಿದ್ದೆವು: ವಾರ್ಡನ್ ಆಗಿದ್ದ ನಾನು, ಬಾಯ್ಲರ್ ಒಯ್ಯಲು ಬಂದ ಗುಜರಿಯವನು ಮತ್ತು ನೀರೊಲೆಯಮ್ಮ. ಅವರ ಬಲಗೈ ಹೊಗೆಕೊಳವೆಯೊಳಗೆ ಭುಜದವರೆಗೂ ಹೋಗಿತ್ತು. ಹೊರಗೆಳೆದಾಗ ಮೊಣಕೈಯಿಂದ ಕೆಳಗೆ ಚರ್ಮವೇ ಕಾಣಲಿಲ್ಲ. ಬೂದಿಯ ಮೇಲೆ ಮಸಿ, ಅಂಗೈಯ ಗೆರೆಗಳಲ್ಲಿ ಮಾತ್ರ ಬೆವರು ದಾರಿ ಮಾಡಿಕೊಂಡಿತ್ತು.

“ಗುಜರಿಗೆ ಹೋಗೋ ಸಾಮಾನಿಗೆ ಯಾಕಜ್ಜಿ ಇಷ್ಟೊಂದು ಸ್ನಾನ?” ಎಂದ ಅವನು.

“ನಿನ್ ಮದ್ವೇಲೂ ನಿನ್ನ ಇಷ್ಟು ಉಜ್ಜಿರಲ್ಲ ಬುಡು. ಸುಮ್ಕೆ ಕೂತ್ಕೋ. ಕೊಡೋ ಸಾಮಾನ ಕೊಳಕಾಗಿ ಕೊಡಬಾರ್ದು.”

ನೀರೊಲೆಯಮ್ಮ ಎಂಬುದು ಹಾಸ್ಟೆಲಿನ ಹುಡುಗಿಯರು ಇಟ್ಟ ಹೆಸರು. ನಲವತ್ತು ಜನರ ಸ್ನಾನಕ್ಕೆ ನೀರು ಕಾಯಿಸುವುದು ಅವರ ಕೆಲಸ. ಬಾಯ್ಲರಿಗೆ ಮೊದಮೊದಲು ಸಾಮಿಲ್ಲಿನ ಮರದ ಹೊಟ್ಟು ಹಾಕುತ್ತಿದ್ದೆವು. ಆಮೇಲೆ ಅದೇ ಹೊಟ್ಟನ್ನು ಒತ್ತಿ ಬೆರಳುದ್ದ ಮಾಡಿದ ತುಂಡುಗಳು ಬರತೊಡಗಿದವು. ಅದರ ಬೂದಿ ಬಹಳ ನುಣುಪು, ಹತ್ತಿರ ನಿಂತು ಮಾತಾಡಿದರೂ ಏಳುತ್ತಿತ್ತು. ವಾರಕ್ಕೊಮ್ಮೆ ಕೊಳವೆ ಬಿಚ್ಚಿ ತೆಗೆಯದಿದ್ದರೆ ಹೊಗೆ ಹಿಂದಿರುಗಿ ಬಚ್ಚಲುಮನೆ ತುಂಬುತ್ತಿತ್ತು.

ಕೊಳವೆ ಎಷ್ಟು ಕಟ್ಟಿದೆಯೆಂದು ಅವರು ಮರದ ಸೌಟಿನಿಂದ ತಟ್ಟಿ ಹೇಳುತ್ತಿದ್ದರು. “ಖಾಲಿ ಇದ್ರೆ ಕೂಗ್ತದೆ, ತುಂಬಿದ್ರೆ ಗೊಣಗ್ತದೆ. ನಮ್ ಅಡುಗೆ ಭಟ್ರ ಥರ ಯಾವಾಗ್ಲೂ ಗೊಣಗಲ್ಲ.” ಬಿದಿರು ಕೋಲಿನ ತುದಿಗೆ ತೆಂಗಿನ ನಾರಿನ ಉಂಡೆ ಕಟ್ಟಿ ಒಳಗೆ ತಿರುಗಿಸುವರು. ಕೋಲು ಮುಟ್ಟದ ತಿರುವಿನಲ್ಲಿ ಕೈಯೇ ಹೋಗಬೇಕು. ಬೆಳಗಿನ ಸಾಲಿನಲ್ಲಿ ಮೂರನೆಯ ಬಕೆಟ್ ಕೇಳಿದ ಹುಡುಗಿಗೆ, “ಎಮ್ಮೆ ತೊಳೀತಿದ್ದೀಯಾ ತಾಯಿ?” ಎಂದು ಕೇಳುತ್ತಲೇ ಮೂರನೆಯದನ್ನೂ ತುಂಬಿ ಕೊಡುತ್ತಿದ್ದರು.

ಬಾಯ್ಲರ್ ಮನೆಗೆ ಅಂಟಿಕೊಂಡಂತೆ ಕಿಟಕಿಯಿಲ್ಲದ ಒಂದು ಕೋಣೆ. ಕೆಲಸವಿರುವವರೆಗೆ ಅದು ಅವರ ಮನೆ. ಬೇರೆ ಮನೆ ಅವರಿಗಿರಲಿಲ್ಲ. ತಮ್ಮನ ಮಗಳೊಬ್ಬಳು ಬೋಗಾದಿಯಲ್ಲಿ, ಕಟ್ಟಡ ಕೆಲಸದವರ ತಗಡಿನ ಶೆಡ್ಡಿನಲ್ಲಿದ್ದಳು. ಅಲ್ಲಿ ಆಗಲೇ ಐದು ಜನ.

ಹಾಸ್ಟೆಲಿನ ಎಲ್ಲ ಕೆಲಸಕ್ಕೂ ನಾನು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಶುಕ್ರವಾರ ಸ್ನಾನಗಳು ಮುಗಿದ ಮೇಲೆ ಕೊಳವೆ ಶುಚಿ. ಹನ್ನೊಂದಕ್ಕೆ ನನ್ನ ತಪಾಸಣೆ. ಬಾಯ್ಲರ್ ಮನೆಯಲ್ಲಿ ಚಿಟಿಕೆ ಬೂದಿಯೂ ಕಾಣಬಾರದು. ಹನ್ನೊಂದು ವರ್ಷ, ಒಂದು ಶುಕ್ರವಾರವೂ ಕಂಡಿರಲಿಲ್ಲ. ಬೇರೆ ಕೆಲಸದವರಿಗೆ ನಾನು ಅವರನ್ನೇ ಮಾದರಿಯಾಗಿ ತೋರಿಸುತ್ತಿದ್ದೆ.

ಏಳನೆಯ ವರ್ಷದ ಹೊತ್ತಿಗೆ ಕೆಮ್ಮು ಶುರುವಾಯಿತು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, “ಧೂಳಿಂದ ದೂರ ಇರಿ” ಎಂದರು. “ಧೂಳು ಬಿಟ್ರೆ ರೂಮೂ ಬಿಡ್ಬೇಕಲ್ಲ ಡಾಕ್ಟ್ರೇ” ಎಂದು ಇವರು ನಕ್ಕರು. ಮೂಗು ಬಾಯಿಗೆ ಕಟ್ಟಿಕೊಳ್ಳಲು ನಾನು ಎರಡು ಹತ್ತಿಯ ಬಟ್ಟೆ ಹೊಲಿಸಿಕೊಟ್ಟೆ. ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ.

ಆಮೇಲೆ ಆಡಳಿತ ಸಮಿತಿಯವರು ಚಾವಣಿಯ ಮೇಲೆ ಸೋಲಾರ್ ಹಾಕಿಸಲು ತೀರ್ಮಾನಿಸಿದರು. ಬಾಯ್ಲರ್ ಮನೆ, ಅದರ ಜೊತೆಗೆ ಆ ಕೋಣೆ ಎರಡನ್ನೂ ಕೆಡವುವುದೆಂದಾಯಿತು. ಅವರನ್ನು ಅಡುಗೆಮನೆಗೆ ಹಾಕಿಕೊಳ್ಳಬಹುದೇ ಎಂದು ನಾನು ಸಭೆಯಲ್ಲಿ ಕೇಳಿದೆ.

“ಕೆಮ್ಮೋರನ್ನ ಅಡುಗೆಮನೆಗಾ ಮೇಡಂ?” ಎಂದರು ಕಾರ್ಯದರ್ಶಿ.

ನಾನು ಸಭೆಯ ಹಾಳೆ ತಿರುಗಿಸಿದೆ. ಮುಂದಿನ ವಿಷಯ ಓದಿದೆ.

ಆ ಶುಕ್ರವಾರ ಹತ್ತೂವರೆಗೆ ಗುಜರಿಯವನು ಬಾಯ್ಲರನ್ನೂ ಕೊಳವೆಯನ್ನೂ ಗಾಡಿಗೆ ಹಾಕಿಕೊಂಡು ಹೋದ. ನೆಲದ ಮೇಲೆ ಅರ್ಧ ಗೋಣಿಚೀಲ ಬೂದಿ ಉಳಿಯಿತು. ಹಿತ್ತಲಿನ ಗುಂಡಿಗೆ ಹಾಕಿಬಿಡಿ ಎಂದೆ. ನೀರೊಲೆಯಮ್ಮ ಚೀಲದ ಬಾಯಿ ಕಟ್ಟಿದರು, ಎತ್ತಲಿಲ್ಲ.

“ಇವತ್ತು ಶುಕ್ರವಾರ ಅಲ್ವಾ ಅಮ್ಮಾವ್ರೇ. ಶುಕ್ರವಾರ ಮನೆಯಿಂದ ಬೂದಿ ಆಚೆಗೆ ಹಾಕಲ್ಲ. ಲಕ್ಷ್ಮಿ ಹೊಂಟೋಯ್ತಾಳೆ.”

“ಮತ್ತೆ ಇಷ್ಟು ವರ್ಷ? ಪ್ರತಿ ಶುಕ್ರವಾರ ತೆಗೀತಿದ್ರಲ್ಲ?”

“ತೆಗೀತಿದ್ದೆ. ನೀವು ಹನ್ನೊಂದಕ್ಕೆ ಬರ್ತಿದ್ರಲ್ಲ, ಅದಕ್ಕೇ ಒಳಗೆ ರೂಮಲ್ಲಿ ಇಟ್ಕೊತಿದ್ದೆ, ಚಾಪೆ ತಲೆಗಡೆ. ಶನಿವಾರ ಬೆಳಗ್ಗೆ ಗುಂಡಿಗೆ ಹಾಕ್ಬುಡ್ತಿದ್ದೆ.”

“ಒಂದ್ ಮಾತು ಹೇಳಿದ್ರೆ ಪಟ್ಟೀಲಿ ಶನಿವಾರ ಅಂತ ಬರೀತಿದ್ದೆ.”

“ನೀವು ಬರೆದು ಗೋಡೆಗೆ ಅಂಟಿಸಿದ್ರಿ. ಅದನ್ನ ಹೆಂಗೆ ಹೇಳೋದು?”

ಶುಕ್ರವಾರ ನನ್ನ ತಾಯಿಯೂ ಬೂದಿ ಹೊರಗೆ ಹಾಕುತ್ತಿರಲಿಲ್ಲ. ಪಟ್ಟಿ ಬರೆಯುವ ಹೊತ್ತಿನಲ್ಲಿ ನನಗದು ನೆನಪಾಗಲಿಲ್ಲ. ನನ್ನ ಪಟ್ಟಿಯ ಒಂದು ಪದವನ್ನು ಹೊಡೆದು ಇನ್ನೊಂದು ಪದ ಬರೆದಿದ್ದರೆ ಸಾಕಿತ್ತು. ಆ ಎದೆ ಉಳಿಯುತ್ತಿತ್ತೇ? ಹೊಗೆ ಬೇರೆ ಇತ್ತಲ್ಲ, ವಯಸ್ಸೂ ಆಗಿತ್ತಲ್ಲ ಎಂದು ಯಾರಾದರೂ ಸಮಾಧಾನ ಹೇಳಬಹುದು. ಕಿಟಕಿಯಿಲ್ಲದ ಕೋಣೆಯಲ್ಲಿ ವಾರಕ್ಕೊಂದು ರಾತ್ರಿಯಂತೆ ಹನ್ನೊಂದು ವರ್ಷ ಅವರು ಉಸಿರೆಳೆದದ್ದು ಏನನ್ನು ಎಂಬುದು ನನಗೆ ಗೊತ್ತು.

ಮುಂದಿನ ತಿಂಗಳು ಬೋಗಾದಿಗೆ ಹೋಗಿ ಅವರನ್ನು ನೋಡಿಬಂದೆ. ಶೆಡ್ಡಿನ ಬಾಗಿಲಲ್ಲಿ ಗೋಡೆಗೊರಗಿ ಕೂತಿದ್ದರು. ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಿದ್ದರು. ಮಳೆಗಾಲದಲ್ಲಿ ಮತ್ತೆ ಹೋದಾಗ ಕಟ್ಟಡ ಮುಗಿದಿತ್ತು, ಶೆಡ್ಡು ಇರಲಿಲ್ಲ. ದಸರಾ ಕಳೆದ ಮೇಲೆ ತಮ್ಮನ ಮಗಳು ಹಾಸ್ಟೆಲಿಗೆ ಬಂದು, ಅತ್ತೆ ಹೋಗಿ ಎರಡು ತಿಂಗಳಾಯಿತು ಎಂದಳು. ಎಲ್ಲಿ ಮಣ್ಣು ಮಾಡಿದರೆಂದು ಕೇಳಿದೆ. ಆಗ ಅವಳ ಮನೆಯವರೆಲ್ಲ ಬೇರೆ ಊರಿನ ಕಟ್ಟಡದ ಕೆಲಸದ ಮೇಲಿದ್ದರಂತೆ. ಅವಳಿಗೂ ಆ ಊರಿನ ದಾರಿ ಸರಿಯಾಗಿ ತಿಳಿದಿರಲಿಲ್ಲ.

ಆ ಕೊನೆಯ ಶುಕ್ರವಾರ ನಾನು ಬೂದಿಯ ಚೀಲಕ್ಕೆ ಕೈ ಹಾಕಿ, “ಇರಲಿ ಬಿಡಿ, ನಾಳೆ ನಾನೇ ಹಾಕಿಸ್ತೀನಿ” ಎಂದೆ. ಅವರು ನನ್ನ ಕೈ ಸರಿಸಿದರು. ಕೋಣೆಯ ಕಡೆ ನೋಡಿದರು. ಬಟ್ಟೆಗಂಟು ಆಗಲೇ ಹೊಸಿಲಿನಾಚೆ ಇತ್ತು.

“ಮನೆ ಅಂತ ಇದ್ದಾಗ ಆ ಮಾತು ಅಮ್ಮಾವ್ರೇ. ಈಗ ಯಾರ ಮನೆ ಇದು?”

ಚೀಲವನ್ನು ಸೊಂಟಕ್ಕೆ ಆನಿಸಿಕೊಂಡು ಹಿತ್ತಲಿಗೆ ನಡೆದರು. ನಡುವೆ ಎರಡು ಕಡೆ ನಿಂತು ಕೆಮ್ಮಿದರು. ಬೂದಿಯನ್ನು ಗುಂಡಿಗೆ ಸುರಿದು, ಏಳದಂತೆ ಮೇಲೊಂದು ಚೊಂಬು ನೀರು ಚಿಮುಕಿಸಿದರು. ಚೀಲ ಕೊಡವಿ, ನಾಲ್ಕಾಗಿ ಮಡಿಸಿ ನನ್ನ ಕೈಗೆ ಕೊಟ್ಟರು. ಆಗ ಹನ್ನೊಂದು ಗಂಟೆ.